ಬಿಟ್ಟಿ ಬಿಸಿಲು

ಬಿಸಿಲಿಗೆ ಬರವಿರುವ ಊರು ಮೈಸೂರಲ್ಲ. ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿ ಚಿಲ್ಲರೆ ಉತ್ತರಕ್ಕಿರುವ ಈ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆರಡು ಸಲ ನೆಟ್ಟಗೆ ಬಂದು ನಿಲ್ಲುತ್ತಾನೆ. ಏಪ್ರಿಲ್ ನಾಲ್ಕನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ. ಮೋಡವಿಲ್ಲದಿದ್ದರೆ ಆ ನಡುಹಗಲಿನಲ್ಲಿ ಸಯ್ಯಾಜಿರಾವ್ ರಸ್ತೆಯ ದೀಪದ ಕಂಬಗಳಿಗೆ ನೆರಳೇ ಇರುವುದಿಲ್ಲ. ಇಂಥ ಊರಿನಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: 'ನಂಗೆ ಡಿ ಕಮ್ಮಿಯಂತೆ ಕಣ್ರೀ.' ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಮದುವೆ ಮನೆಯ ಊಟದಲ್ಲಿ, ಬ್ಯಾಂಕಿನ ಪಿಂಚಣಿಯ ಸಾಲಿನಲ್ಲಿ ಇದೇ ಮಾತು. ಹಿಂದೆ ಬಿ.ಪಿ., ಸಕ್ಕರೆ ಕಾಯಿಲೆಗಳು ಕೂತಿದ್ದ ಪಂಕ್ತಿಯಲ್ಲಿ ಈಗ ಇದಕ್ಕೂ ಒಂದು ಎಲೆ ಹಾಕಿದ್ದಾರೆ. ಔಷಧಿ ಅಂಗಡಿಯ ಹುಡುಗನಿಗೂ ಬಾಯಿಪಾಠವಾಗಿದೆ: 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು ಪೊಟ್ಟಣ, ಎಂಟು ವಾರ, ಹಾಲಿನಲ್ಲಿ ಕದಡಿ.

ಇದರಲ್ಲಿ ನಗುವಂಥದ್ದು ಇದೆ, ನಿಜ. ಕಾವೇರಿಯ ದಡದಲ್ಲಿ ಕೂತು ಬಾಯಾರಿದ ಹಾಗೆ. ಆದರೆ ನನ್ನನ್ನು ಕಾಡುವುದು ಆ ನಗುವೇ. ಯಾರ ಮನೆಯಲ್ಲಾದರೂ ಅಕ್ಕಿ ಇಲ್ಲವೆಂದರೆ ನಾವು ಕಾರಣ ಹುಡುಕುವುದು ಮಳೆಯಲ್ಲಿ, ಕೂಲಿಯಲ್ಲಿ, ಸರ್ಕಾರದಲ್ಲಿ. ನಲ್ಲಿಯಲ್ಲಿ ನೀರಿಲ್ಲವೆಂದರೆ ನಗರಪಾಲಿಕೆಯನ್ನು ಬೈಯುತ್ತೇವೆ. ಬಿಸಿಲಿಲ್ಲವೆಂದರೆ ಮಾತ್ರ ಬೈಗುಳ ನೇರವಾಗಿ ಇಲ್ಲದವರಿಗೇ: 'ಹೊರಗೆ ಹೋಗೋಕೇನು ಧಾಡಿ?' ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಇಲ್ಲದಿದ್ದರೆ ಅದು ಬಡತನ. ಬಿಟ್ಟಿ ಸಿಗುವುದು ಇಲ್ಲದಿದ್ದರೆ ಅದು ಸೋಮಾರಿತನ. ಈ ಲೆಕ್ಕ ಸರಿಯೇ? ವೈದ್ಯನಲ್ಲದ ನಾನು ಡಿ ಜೀವಸತ್ವದ ಬಗ್ಗೆ ಬರೆಯಲು ಕೂತದ್ದು ಈ ಪ್ರಶ್ನೆಗಾಗಿ.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ಜೀವಸತ್ವವೆಂದು ಹೆಸರಿದ್ದರೂ ಇದು ಮಿಕ್ಕವುಗಳಂತೆ ಅನ್ನದ ಜೊತೆಗೇ ಬರಬೇಕಾದ್ದಲ್ಲ. ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಮೈಯೇ ಇದನ್ನು ತಯಾರಿಸಿಕೊಳ್ಳುತ್ತದೆ. ಆಮೇಲೆ ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ಹದಗೊಂಡು, ತಿಂದದ್ದರಲ್ಲಿನ ಸುಣ್ಣದಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಇದಿಲ್ಲದಿದ್ದರೆ ರಾಗಿಮುದ್ದೆಯಲ್ಲಿ ಎಷ್ಟೇ ಸುಣ್ಣದಂಶವಿದ್ದರೂ ಬಹುಪಾಲು ಬಂದ ದಾರಿ ಹಿಡಿದು ಹೋಗುತ್ತದೆ. ಬೆಳೆಯುವ ಮಕ್ಕಳಿಗೆ ತೀರಾ ಕಡಿಮೆಯಾದರೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ಅದೇ ರಿಕೆಟ್ಸ್. ದೊಡ್ಡವರಿಗಾದರೆ ಮೂಳೆ ಮೆತ್ತಗಾಗಿ, ಸೊಂಟ ತೊಡೆಗಳಲ್ಲಿ ನೋವು ಕೂತು, ನೆಲದಿಂದ ಏಳುವುದೇ ಕಷ್ಟವಾಗುತ್ತದೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಹಸಿವಿನಿಂದ ಕಂಗಾಲಾಗಿದ್ದ ವಿಯೆನ್ನಾ ನಗರಕ್ಕೆ ಇಂಗ್ಲೆಂಡಿನಿಂದ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಸಂಗಡಿಗರೊಂದಿಗೆ ಹೋದರು. 1919ರಿಂದ 1922ರವರೆಗೆ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಅವರು ಕಂಡದ್ದು ಇಷ್ಟು: ಕಾಡ್ ಮೀನಿನ ಎಣ್ಣೆ ಕುಡಿಸಿದರೂ ರಿಕೆಟ್ಸ್ ವಾಸಿಯಾಗುತ್ತದೆ, ಬಿಸಿಲಿಗೆ ಮೈಯೊಡ್ಡಿದರೂ ವಾಸಿಯಾಗುತ್ತದೆ. ಬಿಸಿಲು ಮೇಲೋ ಔಷಧಿ ಮೇಲೋ ಎಂಬ ಜಗಳ ನೂರು ವರ್ಷದ ಹಿಂದೆಯೇ ಇತ್ಯರ್ಥವಾಯಿತೆನ್ನಬೇಕು. ಮೂಳೆ ಇದು ಯಾವ ದಾರಿಯಲ್ಲಿ ಬಂದದ್ದೆಂದು ಕೇಳುವುದಿಲ್ಲ.

ಕೇಳುವವರು ನಾವು. ನಮ್ಮ ಬೀದಿಯಲ್ಲಿ ನಿವೃತ್ತ ಶಾಲಾ ಮೇಡಂ ಒಬ್ಬರಿದ್ದಾರೆ. ಮಡಿ ಹುಡಿ ಹೆಚ್ಚು, ತಮಾಷೆಯೂ ಅಷ್ಟೇ ಹೆಚ್ಚು. ಡಾಕ್ಟರು ಈ ಪುಡಿ ಬರೆದುಕೊಟ್ಟಾಗ ನನ್ನನ್ನು ಕರೆದು ಕೇಳಿದರು: 'ಅಲ್ರೀ, ಇದನ್ನ ಯಾತರಿಂದ ಮಾಡ್ತಾರೆ?' ಹೆಚ್ಚಿನ ಪಾಲು ಕುರಿಯ ಉಣ್ಣೆಯಿಂದ ಎಂದೆ. ಉಣ್ಣೆಯಲ್ಲಿ ಜಿಡ್ಡಿರುತ್ತದೆ, ಅದನ್ನು ತೊಳೆದು ತೆಗೆದು, ಶೋಧಿಸಿ, ನೇರಳಾತೀತ ದೀಪದ ಬೆಳಕಿಗೆ ಒಡ್ಡಿದರೆ ನಮ್ಮ ಚರ್ಮದಲ್ಲಾಗುವುದೇ ಅಲ್ಲೂ ಆಗುತ್ತದೆ. ಆಕೆ ಒಂದು ಗಳಿಗೆ ಯೋಚಿಸಿದರು. 'ಉಣ್ಣೆ ತಾನೆ? ಧಾಬಳಿ ಮಡಿಗೆ ಬರುತ್ತೆ ಅಂದ್ಮೇಲೆ ಇದೂ ಬರುತ್ತೆ ಬಿಡಿ.' ಮೆತ್ತಗಿನ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ದನದ ಮೂಳೆ ಚರ್ಮಗಳ ಜೆಲಟಿನ್ನಿನದು ಎಂದು ತಿಳಿದು ಅದನ್ನು ಮಾತ್ರ ಒಲ್ಲೆ ಎಂದರು. ಪುಡಿ ಹಾಲಿಗೆ ಬಿತ್ತು. ಇಂಥವರ ವಿವೇಚನೆಯನ್ನು ಕಂಡು ನಗುವವರುಂಟು. ನನಗೇನೋ, ಸಹಜ ಯಾವುದು ಕೃತಕ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ನಮಗಿಂತ, ಬಾಯಿಗೆ ಹೋಗುವುದು ಎಲ್ಲಿಂದ ಬಂತೆಂದು ಕೇಳುವ ಆಕೆಯೇ ಸರಿ ಎನಿಸಿತು.

ಪುಡಿಗೂ ಬಿಸಿಲಿಗೂ ನಿಜವಾದ ವ್ಯತ್ಯಾಸ ಬೇರೊಂದಿದೆ. ಬಿಸಿಲಿನಲ್ಲಿ ಸಾಕಷ್ಟು ನಿಂತ ಮೇಲೆ ಹೆಚ್ಚಾದದ್ದನ್ನು ಆ ಬಿಸಿಲೇ ಒಡೆದು ಹಾಕುತ್ತದೆ. ಗದ್ದೆಯಲ್ಲಿ ದಿನವಿಡೀ ದುಡಿದವರಿಗೆ ಚರ್ಮ ಸುಟ್ಟೀತೇ ಹೊರತು ಡಿ ವಿಷವಾದ ನಿದರ್ಶನವಿಲ್ಲ. ಪುಡಿಗೆ ಆ ಲಗಾಮಿಲ್ಲ. ವಾರಕ್ಕೊಂದನ್ನು ದಿನಕ್ಕೊಂದೆಂದು ತಿಳಿದು ತಿಂಗಳುಗಟ್ಟಲೆ ನುಂಗಿ, ರಕ್ತದಲ್ಲಿ ಸುಣ್ಣದಂಶ ಏರಿ, ವಾಂತಿ, ನಿಶ್ಶಕ್ತಿ, ಮೂತ್ರಪಿಂಡದ ತೊಂದರೆಗಳಾಗಿ ಆಸ್ಪತ್ರೆ ಸೇರಿದವರ ವರದಿಗಳು ನಮ್ಮ ದೇಶದ್ದೇ ಇವೆ. ಒಂದು ಪೊಟ್ಟಣವೆಂದರೆ, 2020ರಲ್ಲಿ ನಮ್ಮ ಪೌಷ್ಟಿಕ ಆಹಾರ ತಜ್ಞರು ದಿನಕ್ಕೆ ಇಷ್ಟು ಸಾಕೆಂದು ಹೇಳಿದ 600 ಯೂನಿಟ್ಟಿನ ನೂರು ಪಟ್ಟು. ತೂಕದಲ್ಲಿ ನೋಡಿದರೆ ಒಂದೂವರೆ ಮಿಲಿಗ್ರಾಂ. ಆ ಚಿಕ್ಕ ಅಂಕಿಯನ್ನು ಅಚ್ಚು ಹಾಕಿದ್ದರೆ ಜನ ಇಷ್ಟು ಭಕ್ತಿಯಿಂದ ಕುಡಿಯುತ್ತಿದ್ದರೋ ಇಲ್ಲವೋ.

ಹಾಗಾದರೆ ಹಿಂದಿನವರಿಗೆ ಇದು ಎಲ್ಲಿಂದ ಬರುತ್ತಿತ್ತು? ಹೊಲ ಗದ್ದೆಯವರ ಮಾತು ಬಿಡಿ. ಅಗ್ರಹಾರದ ಹೊಸಲು ದಾಟದ ಹೆಂಗಸರಿಗೂ ಬಿಸಿಲು ಸಿಗುವ ಏರ್ಪಾಡು ಮನೆಯ ಕಟ್ಟಡದಲ್ಲೇ ಇತ್ತು. ತೊಟ್ಟಿಮನೆಯ ನಡುವಿನ ಅಂಗಳಕ್ಕೆ ನಡುಹಗಲಿನ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಅಕ್ಕಿ ಆರಿಸುವುದು, ತಲೆ ಒಣಗಿಸಿಕೊಳ್ಳುವುದು ಎಲ್ಲ ಅಲ್ಲೇ. ಬೇಸಗೆ ಬಂತೆಂದರೆ ಹಪ್ಪಳ ಸಂಡಿಗೆ. ತಾರಸಿಯ ಮೇಲೆ ಪಂಚೆ ಹಾಸಿ, ಸಂಡಿಗೆ ಇಟ್ಟು, ಕಾಗೆ ಓಡಿಸಲು ಮಕ್ಕಳನ್ನು ಕೂರಿಸಿದ ಹೊತ್ತು ಯಾವುದೆಂದು ನೆನಪು ಮಾಡಿಕೊಳ್ಳಿ. ಹನ್ನೊಂದರಿಂದ ಎರಡು ಗಂಟೆ. ಮೈ ಈ ಜೀವಸತ್ವವನ್ನು ತಯಾರಿಸಲು ಬೇಕಾದ ಕಿರಣ ಭೂಮಿಗೆ ಚೆನ್ನಾಗಿ ತಲುಪುವುದು ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವಾಗ. ಅಂದರೆ ಸರಿಯಾಗಿ ಸಂಡಿಗೆ ಕಾಯುವ ಹೊತ್ತು. ಯಾರೂ ಆರೋಗ್ಯಕ್ಕೆಂದು ಅಲ್ಲಿ ಕೂರಲಿಲ್ಲ, ಸಂಡಿಗೆಗಾಗಿ ಕೂತರು. ಬಿಸಿಲು ಕೆಲಸದ ಜೊತೆಗೆ ಬಂತು.

ಇದಕ್ಕೆ ಎದುರಾಗಿ, ಆರೋಗ್ಯಕ್ಕೆಂದೇ ನಾವು ಆರಿಸಿಕೊಂಡಿರುವ ಬಿಸಿಲನ್ನು ನೋಡಿ. ಎಳೆ ಬಿಸಿಲು ಒಳ್ಳೆಯದು ಎಂಬುದು ನಮ್ಮಲ್ಲಿ ಪ್ರಶ್ನಿಸಬಾರದ ಮಾತು. ಎಣ್ಣೆ ಹಚ್ಚಿದ ಕೂಸನ್ನು ಎಳೆ ಬಿಸಿಲಿಗೆ ಹಿಡಿಯುವುದು, ರಥಸಪ್ತಮಿಯ ಮುಂಜಾನೆಯ ಸೂರ್ಯನಮಸ್ಕಾರ, ಆರು ಗಂಟೆಗೆ ಕೆರೆ ಏರಿಯ ನಡಿಗೆ. ಮನಸ್ಸಿಗೂ ಕೀಲುಗಳಿಗೂ ಇವೆಲ್ಲ ಹಿತವೇ. ಆದರೆ ಓರೆಯಾಗಿ ಬರುವ ಆ ಬೆಳಕಿನಲ್ಲಿ ಬೇಕಾದ ಕಿರಣ ಇರುವುದು ತೀರ ಅಲ್ಪ. ಗಾಜಿನ ಕಿಟಕಿಯ ಹಿಂದೆ ಬಿಸಿಲು ಕಾಯಿಸುತ್ತ ಪತ್ರಿಕೆ ಓದುವವರಿಗಂತೂ ಅದೂ ಇಲ್ಲ. ಗಾಜು ಅದನ್ನು ತಡೆಯುತ್ತದೆ. ಮೈಬಣ್ಣ ಕಪ್ಪಿದ್ದಷ್ಟೂ ಹೆಚ್ಚು ಹೊತ್ತು ಬೇಕು, ವಯಸ್ಸಾದಷ್ಟೂ ಚರ್ಮದ ತಯಾರಿ ಕುಗ್ಗುತ್ತದೆ. ಅಂತೂ ನಿವೃತ್ತರಾದ ನಮ್ಮಂಥವರು ಪುಣ್ಯವೆಂದು ಕೂಡಿಸಿಕೊಂಡ ಬಿಸಿಲು ಲೆಕ್ಕಕ್ಕೆ ಬರುವುದಿಲ್ಲ; ಶಾಪವೆಂದು ಅನುಭವಿಸುವ ಕೂಲಿಯವರ ಬಿಸಿಲೇ ಲೆಕ್ಕಕ್ಕೆ ಬರುವುದು.

ಈ ಕೊರತೆ ಬರಿಯ ಬೀದಿಮಾತಲ್ಲ ಎನ್ನುವುದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಮಂಡಿ ಮೊಹಲ್ಲಾದಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ದೀರ್ಘಕಾಲ ಗಮನಿಸುವ ಒಂದು ಅಧ್ಯಯನ ಶುರುವಾಯಿತು. ವೈದ್ಯಕೀಯ ಲೋಕದಲ್ಲಿ ಅದಕ್ಕೆ ಮೈಸೂರು ಪಾರ್ಥೆನಾನ್ ಅಧ್ಯಯನವೆಂದು ಹೆಸರು. ಅಲ್ಲಿ ತೆಗೆದಿಟ್ಟ ರಕ್ತದಲ್ಲಿ ಡಿ ಜೀವಸತ್ವವನ್ನು ಅಳೆದಾಗ ಸುಮಾರು ಮೂರರಲ್ಲಿ ಎರಡು ಪಾಲು ತಾಯಂದಿರಲ್ಲಿ ಅದು ಒಪ್ಪಿತ ಮಟ್ಟಕ್ಕಿಂತ ಕೆಳಗಿತ್ತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಇನ್ನೊಂದು ಸಂಗತಿಯೂ ಇದೆ: ಕಡಿಮೆಯಿದ್ದ ತಾಯಂದಿರ ಕೂಸುಗಳು ಹುಟ್ಟುವಾಗ ಚಿಕ್ಕವೇನೂ ಆಗಿರಲಿಲ್ಲ, ಆ ತಾಯಂದಿರಿಗೆ ಬಸುರಿನ ಸಕ್ಕರೆ ಕಾಯಿಲೆಯೂ ಹೆಚ್ಚಿರಲಿಲ್ಲ. ಅಂದರೆ ಕೊರತೆ ಇತ್ತು, ಪರಿಣಾಮ ಕಾಣಲಿಲ್ಲ. ಆದರೆ ಅದೇ ಮಕ್ಕಳನ್ನು ಐದನೆಯ ವರ್ಷದಲ್ಲೂ ಒಂಬತ್ತೂವರೆಯಲ್ಲೂ ಮತ್ತೆ ಅಳೆದಾಗ, ಕೊರತೆಯಿದ್ದ ತಾಯಂದಿರ ಮಕ್ಕಳ ತೋಳಿನ ಮಾಂಸಖಂಡ ತುಸು ಕಡಿಮೆಯಿದ್ದದ್ದು ಕಂಡುಬಂತೆಂದು 2011ರ ವರದಿ ಹೇಳಿತು. ಇದರಿಂದಲೇ ಅದಾಯಿತೆಂದು ಇಷ್ಟರ ಮೇಲೆ ಸಾಧಿಸಲಾಗದು; ಬಿಸಿಲಿಲ್ಲದ ಮನೆಯಲ್ಲಿ ಬೇರೆ ಇಲ್ಲಗಳೂ ಇರುತ್ತವೆ. ಏನೂ ಇಲ್ಲವೆಂದು ತಳ್ಳಿಹಾಕುವಂತೆಯೂ ಇಲ್ಲ.

ಮೂರರಲ್ಲಿ ಎರಡು ಪಾಲು ಜನ ಒಪ್ಪಿತ ಮಟ್ಟಕ್ಕಿಂತ ಕೆಳಗಿದ್ದರೆ ಮಟ್ಟವನ್ನೇ ಅನುಮಾನಿಸಬೇಕಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. 2011ರಲ್ಲಿ ಅಮೆರಿಕದ ಒಂದು ತಜ್ಞ ಸಮಿತಿ ರಕ್ತದಲ್ಲಿ 20 ಇದ್ದರೆ ಬಹುತೇಕ ಎಲ್ಲರಿಗೂ ಸಾಕೆಂದಿತು. ಎಲ್ಲರಿಗೂ ಸಾಕಾಗುವಷ್ಟು ಎಂದರೆ ಅದಕ್ಕಿಂತ ಕಡಿಮೆಯಿದ್ದವರೆಲ್ಲ ರೋಗಿಗಳು ಎಂದಲ್ಲ. ಆದರೆ ಲೋಕ ಹಾಗೇ ಓದಿಕೊಂಡಿತು. ಅದೇ ವರ್ಷ ಅಲ್ಲಿನ ಹಾರ್ಮೋನು ತಜ್ಞರ ಸಂಘ 30 ಇರಬೇಕೆಂದಿತು. 2024ರಲ್ಲಿ ಅದೇ ಸಂಘ 30ರ ಗೆರೆಯನ್ನು ಕೈಬಿಟ್ಟು, ಆರೋಗ್ಯವಂತರು ಸುಮ್ಮಸುಮ್ಮನೆ ಈ ಪರೀಕ್ಷೆ ಮಾಡಿಸಬೇಕಾಗಿಲ್ಲ ಎಂದೂ ಹೇಳಿತು. ಮಕ್ಕಳು, ಬಸುರಿಯರು, 75 ದಾಟಿದವರು ಮುಂತಾದವರಿಗೆ ಪರೀಕ್ಷೆ ಇಲ್ಲದೆಯೇ ಕೊಡುವುದು ಒಳ್ಳೆಯದೆಂದಿತು. ಈ ನಡುವೆ ಅಮೆರಿಕದಲ್ಲಿ 25,871 ಮಂದಿಯ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ 2,000 ಯೂನಿಟ್ ತೆಗೆದುಕೊಂಡವರಿಗೆ ಕ್ಯಾನ್ಸರೂ ಹೃದಯಾಘಾತವೂ ಕಡಿಮೆಯಾಗಲಿಲ್ಲವೆಂದು 2018ರಲ್ಲಿ ತಿಳಿಯಿತು. ಮೂಳೆ ಮುರಿತವೂ ಕಡಿಮೆಯಾಗಲಿಲ್ಲವೆಂದು 2022ರಲ್ಲಿ ತಿಳಿಯಿತು. ಆ ಜನರಲ್ಲಿ ಬಹುಮಂದಿಗೆ ಮೊದಲೇ ಕೊರತೆ ಇರಲಿಲ್ಲ ಎಂಬುದನ್ನು ಮರೆಯಬಾರದು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ನೆಲ ಒದ್ದೆಯಾದೀತಷ್ಟೆ.

ನಮ್ಮೂರಿನಲ್ಲಿ ನಡೆಯುತ್ತಿರುವುದೂ ಸರಿಸುಮಾರು ಅದೇ. ಕೊಡ ತುಂಬಿರುವ ಮನೆಗಳಲ್ಲೇ ಅಳೆಯುವುದೂ ಸುರಿಯುವುದೂ ನಡೆದಿದೆ. ಸಾವಿರದ ಆಸುಪಾಸು ರೂಪಾಯಿ ತೆತ್ತು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಆ ಹಣಕ್ಕೆ ತಿಂಗಳುಗಟ್ಟಲೆ ಔಷಧಿಯೇ ಬರುತ್ತದೆ. ಖಾಲಿ ಕೊಡದ ಮನೆಗೆ ಯಾರೂ ಹೋಗುವುದಿಲ್ಲ.

ಅಂಥ ಒಂದು ಮನೆಯನ್ನು ನಾನು ಬಲ್ಲೆ. ನಮ್ಮಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗಳು ಊದುಬತ್ತಿ ಹೊಸೆಯುತ್ತಾಳೆ. ಉದಯಗಿರಿ, ಕೆಸರೆ ಕಡೆ ಊದುಬತ್ತಿ, ಬೀಡಿ ಎಂದು ಮನೆಯೊಳಗೇ ಕೂತು ದುಡಿಯುವ ಹೆಂಗಸರು ಬಹಳ. ಬಡಾವಣೆಯ ಹೆಸರೇನೋ ಉದಯಗಿರಿ, ಹೊತ್ತು ಹುಟ್ಟಿದ್ದು ಮಾತ್ರ ಒಳಗಿದ್ದವರಿಗೆ ಕಾಣಿಸುವುದಿಲ್ಲ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಎರಡನೆಯ ಹೆರಿಗೆಯಾದ ಮೇಲೆ ಆ ಹುಡುಗಿಗೆ ಸೊಂಟ ನೋವು, ಮಣೆಯಿಂದ ಏಳುವಾಗ ಗೋಡೆ ಹಿಡಿಯಬೇಕು. ಯಾವುದೋ ಆಸ್ಪತ್ರೆಯಲ್ಲಿ ನೋಡಿದವರು ಚೀಟಿಯನ್ನೇನೂ ಬರೆಯದೆ 'ದಿನಾ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಮ್ಮ, ಬಿಟ್ಟಿ ಔಷಧಿ' ಎಂದು ಕಳಿಸಿದರಂತೆ. ಸಲಹೆ ತಪ್ಪೆನ್ನುವಂತಿಲ್ಲ. ಅವಳು ನನಗೆ ಹೇಳಿದ್ದು ಇಷ್ಟೇ: 'ಮಟಮಟ ಮಧ್ಯಾಹ್ನ ನಾನು ಬೀದೀಲಿ ಸುಮ್ನೆ ನಿಂತ್ಕಂಡ್ರೆ ನೋಡ್ದೋರು ಏನಂತಾರೆ ಸಾರ್? ಕಡ್ಡಿ ಯಾರು ಹೊಸೀತಾರೆ?'

ಎರಡು ಪ್ರಶ್ನೆಗಳು, ಎರಡೂ ಸರಿಯಾದವು. ಸೂರ್ಯ ಬಿಟ್ಟಿ, ಸೂರ್ಯನ ಕೆಳಗಿನ ಹೊತ್ತು ಬಿಟ್ಟಿಯಲ್ಲ. ಅದಕ್ಕೆ ಕೂಲಿಯ ಬೆಲೆ ಇದೆ. ಜೊತೆಗೆ ಹೆಣ್ಣಾದರೆ ಕಾರಣವಿಲ್ಲದೆ ಹೊರಗೆ ನಿಂತದ್ದಕ್ಕೆ ಮರ್ಯಾದೆಯ ಬೆಲೆ ಬೇರೆ. ಕಪ್ಪಾಗುತ್ತೀಯೆಂದು ಹುಡುಗಿಯರನ್ನು ಒಳಗೆ ಕರೆಯುವವರೂ ನಾವೇ, ಬಿಸಿಲಿಗೆ ಹೋಗುವುದಿಲ್ಲವೆಂದು ಬೈಯುವವರೂ ನಾವೇ. ಹೊತ್ತುಳ್ಳವರು ಹೊತ್ತಿಲ್ಲದವರಿಗೆ ಬಿಸಿಲನ್ನು ಉಪದೇಶ ಮಾಡುವಾಗ ಆಡುವುದು ವಿಜ್ಞಾನದ ಮಾತೇ ಆದರೂ, ಅದರೊಳಗೆ ಒಂದು ನುಣುಚಿಕೆ ಇರುತ್ತದೆ. ಔಷಧಿ ಕೊಡಬೇಕಾದವನು ಬುದ್ಧಿ ಕೊಟ್ಟು ಕಳಿಸಿದ ಹಾಗೆ.

ಈ ನುಣುಚಿಕೆಗೆ ದೊಡ್ಡ ದೇಶವೊಂದರ ಇತಿಹಾಸವೇ ಇದೆ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಮಕ್ಕಳಿಗೆ ರಿಕೆಟ್ಸ್ ಬಾರದಿರಲೆಂದು ಸರ್ಕಾರ ಕಾಡ್ ಮೀನಿನ ಎಣ್ಣೆ ಹಂಚಿತು, ಎಲ್ಲರೂ ತಿನ್ನುವ ಮಾರ್ಗರೀನಿಗೆ ಡಿ ಸೇರಿಸುವುದನ್ನು ಕಡ್ಡಾಯ ಮಾಡಿತು. ಬಿಸಿಲಿಗೆ ಹೋಗಿ ಎಂದು ಇಂಗ್ಲಿಷ್ ತಾಯಂದಿರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳಲಿಲ್ಲ. ಮುಂದೆ ಅರವತ್ತು ಎಪ್ಪತ್ತರ ದಶಕಗಳಲ್ಲಿ ಗ್ಲಾಸ್ಗೋ ಮುಂತಾದ ಊರುಗಳಲ್ಲಿ ಭಾರತ, ಪಾಕಿಸ್ತಾನಗಳಿಂದ ಹೋದವರ ಮಕ್ಕಳಲ್ಲಿ ಅದೇ ರೋಗ ಕಂಡಿತು. ಅವರು ತಿನ್ನುವ ಚಪಾತಿ ಹಿಟ್ಟಿಗೂ ಹಾಗೇ ಸೇರಿಸಿ ಎಂದು ಕೆಲವು ವೈದ್ಯರು ಕೇಳಿದರು, ಸರ್ಕಾರ ಒಪ್ಪಲಿಲ್ಲ. 1981ರಲ್ಲಿ ರಿಕೆಟ್ಸ್ ನಿಲ್ಲಿಸಿ ಎಂಬ ಪ್ರಚಾರ ಶುರುವಾದಾಗ, ದೋಷವನ್ನೆಲ್ಲ ವಲಸೆ ಬಂದವರ ಊಟ ಉಡುಪುಗಳ ಮೇಲೆ ಹಾಕಲಾಗುತ್ತಿದೆಯೆಂಬ ಟೀಕೆ ಬಂತು. ಗ್ಲಾಸ್ಗೋದಲ್ಲಿ ಮಾತ್ರ ಆ ಮಕ್ಕಳಿಗೆ ಪುಕ್ಕಟೆಯಾಗಿ ಡಿ ಹಂಚಿದರು; ಆಸ್ಪತ್ರೆಗೆ ಬರುವ ರಿಕೆಟ್ಸ್ ಇಳಿಯಿತು. ರೋಗ ಒಂದೇ, ಔಷಧಿ ಒಂದೇ. ತನ್ನವರಿಗಾದಾಗ ಅದು ರಾಷ್ಟ್ರದ ಹೊಣೆ, ಹೊರಗಿನವರಿಗಾದಾಗ ಅವರ ಅಭ್ಯಾಸದ ದೋಷ.

ನಮ್ಮಲ್ಲಿಯೂ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. ಆಹಾರಕ್ಕೆ ಏನನ್ನು ಸೇರಿಸಬೇಕೆಂಬ ಚಿಂತೆ ಮೈಸೂರಿಗೆ ಹಳೆಯದು. 1950ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ನೆಲೆಯಾದ ಕೇಂದ್ರ ಆಹಾರ ಸಂಶೋಧನಾಲಯ, ಆ ದಶಕದಲ್ಲೇ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ, ಜೀವಸತ್ವಗಳನ್ನೂ ಸುಣ್ಣದಂಶವನ್ನೂ ಕೂಡಿಸಿ ಬಡವರಿಗೆಂದು ಒಂದು ಆಹಾರ ಸಿದ್ಧಪಡಿಸಿತ್ತು. 2018ರ ಕೇಂದ್ರ ನಿಯಮದ ಪ್ರಕಾರ ಹಾಲಿಗೂ ಅಡುಗೆ ಎಣ್ಣೆಗೂ ಎ ಮತ್ತು ಡಿ ಸೇರಿಸಬಹುದು. ಹಾಲಿಗಾದರೆ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು 15. ಒಂದು ಲೋಟ ಹಾಲು ಕುಡಿದರೆ ಒಂದು ಮೈಕ್ರೋಗ್ರಾಂ ಸಿಕ್ಕೀತು. ಅರ್ಧ ಲೀಟರ್ ಹಾಲಿನಲ್ಲಿ ಮನೆಮಂದಿಯ ಕಾಫಿಯೆಲ್ಲ ಮುಗಿಯಬೇಕಾದ ಕಡೆ ಅದೂ ಇಲ್ಲ. 2014ರ ಕೇಂದ್ರ ಮಾರ್ಗಸೂಚಿಯಂತೆ ಬಸುರಿಯರಿಗೆ ಕೊಡುವ ಸುಣ್ಣದಂಶದ ಮಾತ್ರೆಯಲ್ಲಿ 250 ಯೂನಿಟ್ ಡಿ ಇರಬೇಕು, ದಿನಕ್ಕೆ ಎರಡು ಮಾತ್ರೆ, ಹೆರಿಗೆಯಾಗಿ ಆರು ತಿಂಗಳವರೆಗೆ. ಒಳ್ಳೆಯ ಏರ್ಪಾಡು. ಆದರೆ ಏಳನೆಯ ತಿಂಗಳಿಂದ ಆ ತಾಯಿ ಮತ್ತೆ ಮಣೆಯ ಮೇಲೆ ಕೂತು ಕಡ್ಡಿ ಹೊಸೆಯುತ್ತಾಳೆ. ಬಸುರಿ ಬಾಣಂತಿಯಾಗಿದ್ದಾಗ ಮಾತ್ರ ಅವಳ ಮೂಳೆ ಸಮಾಜದ ಲೆಕ್ಕದಲ್ಲಿರುತ್ತದೆ, ಅದೂ ಕೂಸಿನ ಸಲುವಾಗಿ.

ಹೀಗೆ ಒಳಗೆ ಕೂತು ದುಡಿಯುವವರಿಗೆ, ಹಾಸಿಗೆ ಬಿಟ್ಟೇಳಲಾಗದ ಮುದುಕರಿಗೆ, ಪರೀಕ್ಷೆ ಗಿರೀಕ್ಷೆ ಎನ್ನದೆ ಸಣ್ಣ ಪ್ರಮಾಣದ ಮಾತ್ರೆಯನ್ನು ಮನೆ ಬಾಗಿಲಿಗೆ ತಲುಪಿಸಬೇಕು ಎಂಬುದು ನನ್ನ ಪಕ್ಷ. ವೈದ್ಯ ಮಿತ್ರರೊಬ್ಬರು ಇದಕ್ಕೆ ತಕರಾರು ತೆಗೆದರು. 'ಮಾತ್ರೆ ಕೊಟ್ಟುಬಿಟ್ಟರೆ ಕಿಟಕಿಯ ಪ್ರಶ್ನೆಯೇ ಏಳೋದಿಲ್ಲ. ಕತ್ತಲಲ್ಲಿ ಕೂರಿಸಿದವನಿಗೆ ನೀವು ಪುಕ್ಕಟೆ ಸಮಾಧಾನ ಕೊಡ್ತಿದ್ದೀರಿ' ಎಂದರು. ಮಾತಿನಲ್ಲಿ ತೂಕವಿದೆ. ಆದರೆ ಗಳಗಂಡವಿದ್ದ ಗುಡ್ಡಗಾಡಿನವರಿಗೆ ಸಮುದ್ರತೀರಕ್ಕೆ ಹೋಗಿ ಬದುಕಿ ಎಂದು ಯಾರೂ ಹೇಳಲಿಲ್ಲ. ಉಪ್ಪಿಗೆ ಅಯೋಡಿನ್ ಸೇರಿಸಿದರು. ಕಿಟಕಿಗಾಗಿ ಜಗಳವಾಡೋಣ, ಅದು ಗೆಲ್ಲುವವರೆಗೂ ಅವಳ ಸೊಂಟ ಕಾಯಬೇಕೆ ಎಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ, ಹಾಗೆಂದು ಬಿಟ್ಟುಕೊಡಲೂ ಇಲ್ಲ. ಮರುವಾರ ಆ ಹುಡುಗಿಯನ್ನು ತಾವೇ ನೋಡಿ ಔಷಧಿ ಬರೆದುಕೊಟ್ಟರು.

ಕಿಟಕಿಯ ವಿಷಯ ಹಾಗೇ ಉಳಿದಿದೆ. ಆ ಹುಡುಗಿ ಇರುವ ವಠಾರಕ್ಕೆ ಒಳ್ಳೆಯ ತಾರಸಿ ಇದೆ, ಬಿಸಿಲು ಧಾರಾಳ. ಕಡ್ಡಿ ಹೊಸೆಯುವ ಮಣೆಯನ್ನೇ ಅಲ್ಲಿಗೆ ಒಯ್ದರೆ ಕೂಲಿಯೂ ಕೆಡದು, ಬೀದಿಯಲ್ಲಿ ಸುಮ್ಮನೆ ನಿಂತಳೆಂದು ಯಾರೂ ಅನ್ನರು. ಆದರೆ ಮೆಟ್ಟಿಲ ಬಾಗಿಲಿಗೆ ಬೀಗ. ಬಾಡಿಗೆಯವರು ನೀರಿನ ಟ್ಯಾಂಕ್ ಹಾಳು ಮಾಡುತ್ತಾರೆಂದು ಮಾಲೀಕರು ಹಾಕಿದ್ದು. ಮಧ್ಯಾಹ್ನ ಒಂದು ಗಂಟೆ ತೆಗೆದಿಡಿ ಎಂದು ಕೇಳಿಸಿದ್ದಾಯಿತು. ಕರಾರಿನಲ್ಲಿ ಇಲ್ಲ ಎಂದರಂತೆ. ತರಿಸಿ ನೋಡಿದೆ. ನೀರು, ಕರೆಂಟು, ಸುಣ್ಣಬಣ್ಣ, ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಎಲ್ಲವೂ ಇತ್ತು. ತಾರಸಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.